ಫಾಕ್‌ಲೆಂಡಿನ 1,513 ವೋಟಿಗೆ ಬೆಲೆ ಇದೆ, ಚಾಗೋಸಿನ ಜನರ ಮಾತಿಗೆ ಯಾಕಿಲ್ಲ?

ಕರಾವಳಿಗ
ಬಹಳ ದಿನದಿಂದ ತಲೆ ಕೊರೀತಿರೋ ವಿಷಯ. ತಿಳಿದವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ಹಾಕ್ತಿದ್ದೀನಿ.

2013ರ ಮಾರ್ಚ್‌ನಲ್ಲಿ ಫಾಕ್‌ಲೆಂಡ್ ದ್ವೀಪಗಳಲ್ಲಿ ಜನಮತಗಣನೆ ಆಯ್ತು. ಬ್ರಿಟನ್ ಜೊತೆಗೇ ಇರ್ತೀವಿ ಅಂದವರು 1,513, ಬೇಡ ಅಂದವರು 3. ಅಲ್ಲಿನ ಜನ ಏನು ಬಯಸ್ತಾರೋ ಅದೇ ಕೊನೆ ಮಾತು ಅಂತ, ಆ ದ್ವೀಪಗಳು ತನ್ನವು ಅನ್ನೋ ಅರ್ಜೆಂಟೀನಾಕ್ಕೆ ಬ್ರಿಟನ್ ಹೇಳ್ತು. ಸರಿ, ಒಪ್ಪೋಣ.

ಈಗ ನಮ್ಮ ಹಿಂದೂ ಮಹಾಸಾಗರಕ್ಕೆ ಬನ್ನಿ. ಮಾಲ್ಡೀವ್ಸ್‌ನಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಚಾಗೋಸ್ ದ್ವೀಪಗಳು. 1967ರಿಂದ 1973ರ ಒಳಗೆ ಇದೇ ಬ್ರಿಟನ್ ಅಲ್ಲಿದ್ದ ಸುಮಾರು ಒಂದೂವರೆ, ಎರಡು ಸಾವಿರ ಜನರನ್ನ ಒಬ್ಬರನ್ನೂ ಬಿಡದೆ ಹೊರಗೆ ಹಾಕ್ತು. ಡಿಯೇಗೋ ಗಾರ್ಸಿಯಾ ದ್ವೀಪ ಅಮೆರಿಕದ ಸೇನಾ ನೆಲೆ ಆಯ್ತು. ಅಲ್ಲಿ ವೋಟೂ ಇಲ್ಲ, ಕೇಳೋರೂ ಇಲ್ಲ.

2025ರ ಮೇ 22ಕ್ಕೆ ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಸಾರ್ವಭೌಮತ್ವ ಮಾರಿಷಸ್‌ಗೆ, ನೆಲೆ ಬ್ರಿಟನ್ನಿಗೇ 99 ವರ್ಷ ಗುತ್ತಿಗೆಗೆ, ವರ್ಷಕ್ಕೆ ಸರಾಸರಿ 101 ಮಿಲಿಯನ್ ಪೌಂಡ್ ಬಾಡಿಗೆ. ವಸಾಹತುಶಾಹಿಯ ಕೊನೆಯ ಅಧ್ಯಾಯ ಮುಗೀತು ಅಂತ ಎಲ್ಲರೂ ಬರೆದರು. ಆದರೆ ಈ ಸಲವೂ ಆ ದ್ವೀಪದವರನ್ನ ಯಾರೂ ಕೇಳಲಿಲ್ಲ. ಹಾಗಾದರೆ ಸ್ವಯಂನಿರ್ಣಯ, ಅಂದರೆ ತಮ್ಮ ನೆಲ ಯಾರ ಕೆಳಗೆ ಇರಬೇಕು ಅಂತ ಜನರೇ ತೀರ್ಮಾನಿಸೋದು, ಜನರ ಹಕ್ಕೋ, ಸರ್ಕಾರಗಳು ಬೇಕಾದಾಗ ಬಳಸಿ ಬೇಡವಾದಾಗ ಮುಚ್ಚಿಡೋ ಮಾತೋ?

ಸೀನ_ಚಾಮರಾಜಪೇಟೆ
ಉತ್ತರ ಪ್ರಶ್ನೇಲೇ ಇದೆ ಗುರು. ಬಲ್ಲಿದರಿಗೊಂದು ನ್ಯಾಯ, ಬಡವರಿಗೊಂದು ನ್ಯಾಯ.

ಕಪ್ಪುಕೋಟು
ಅಷ್ಟು ಸಲೀಸಾಗಿ ಮುಗಿಸಬೇಡಿ ಸೀನ. ಕಾನೂನು ಇಲ್ಲಿ ಸ್ವಲ್ಪ ಕೆಲಸ ಮಾಡಿದೆ, ಅದನ್ನೂ ಹೇಳಬೇಕು.

1965ರ ತನಕ ಚಾಗೋಸ್ ಮಾರಿಷಸ್ ವಸಾಹತಿನ ಭಾಗ. 1965ರ ಸೆಪ್ಟೆಂಬರಲ್ಲಿ ಸ್ವಾತಂತ್ರ್ಯದ ಮಾತುಕತೆಗೆ ಲಂಡನ್ನಿಗೆ ಬಂದಿದ್ದ ಮಾರಿಷಸ್ ನಾಯಕ ಶಿವಸಾಗರ ರಾಮಗೂಲಾಂ ಅವರ ಮುಂದೆ ಬ್ರಿಟನ್ ಇಟ್ಟ ಷರತ್ತು ಇದು: ದ್ವೀಪಗಳನ್ನ ಬಿಟ್ಟುಕೊಡಿ. ಪರಿಹಾರ 30 ಲಕ್ಷ ಪೌಂಡ್. ನವೆಂಬರ್ 8ಕ್ಕೆ ರಾಜಾಜ್ಞೆ ಹೊರಡಿಸಿ ದ್ವೀಪಗಳನ್ನ ಬೇರ್ಪಡಿಸಿದರು. ಮಾರಿಷಸ್‌ಗೆ ಸ್ವಾತಂತ್ರ್ಯ ಸಿಕ್ಕಿದ್ದು 1968ರ ಮಾರ್ಚ್ 12ಕ್ಕೆ.

ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಫೆಬ್ರವರಿ 25ರಂದು ಹೇಳಿದ್ದು ಇದನ್ನೇ: ಆಳುವವನ ಕೈಕೆಳಗೆ ಇದ್ದಾಗ ಕೊಟ್ಟ ಒಪ್ಪಿಗೆ ಜನರ ಸ್ವತಂತ್ರ ಇಚ್ಛೆ ಅಲ್ಲ, ಹಾಗಾಗಿ ವಸಾಹತು ವಿಮೋಚನೆ ಕಾನೂನುಬದ್ಧವಾಗಿ ಪೂರ್ತಿ ಆಗಲಿಲ್ಲ. 13 ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಆ ಒಬ್ಬರು ಅಮೆರಿಕದವರು. ನಮ್ಮ ದಲವೀರ್ ಭಂಡಾರಿ ಬಹುಮತದ ಜೊತೆಗಿದ್ದರು.

ಇನ್ನೊಂದು ಸಂಗತಿ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಫಾಕ್‌ಲೆಂಡ್ ಬಗ್ಗೆ ಮಾಡಿದ ನಿರ್ಣಯದ ಸಂಖ್ಯೆ 2065, ಮಾರಿಷಸ್ ಬಗ್ಗೆ ಮಾಡಿದ್ದು 2066. ಎರಡೂ ಒಂದೇ ದಿನ, 1965ರ ಡಿಸೆಂಬರ್ 16. ಮೊದಲನೆಯದು ಬ್ರಿಟನ್ ಮತ್ತು ಅರ್ಜೆಂಟೀನಾ ಮಾತಾಡಿ ಬಗೆಹರಿಸಿಕೊಳ್ಳಲಿ ಅಂತ, ಎರಡನೆಯದು ಮಾರಿಷಸ್‌ನ ಒಡೆಯಬೇಡಿ ಅಂತ. ಮೊದಲನೆಯದಕ್ಕೆ ಕೆಲವು ವರ್ಷ ಮಾತುಕತೆ ನಡೀತು, ಬಗೆಹರಿಯಲಿಲ್ಲ. ಎರಡನೆಯದನ್ನ ಬ್ರಿಟನ್ ಕೇಳಲೇ ಇಲ್ಲ.

ಧಾರವಾಡದ_ದನಿ
ವಕೀಲರ, ನ್ಯಾಯಾಲಯ ಹೇಳಿದ್ದು ಖರೆ, ಆದ್ರ ಆಗಿದ್ದೇನ್ರಿ? ಅದು ಬರೀ ಸಲಹಾ ಅಭಿಪ್ರಾಯ. 2019ರ ಮೇ ತಿಂಗಳದಾಗ ಸಾಮಾನ್ಯ ಸಭಾದಾಗ 116 ದೇಶ ಒಂದ್ ಕಡೆ, 6 ದೇಶ ಇನ್ನೊಂದ್ ಕಡೆ. ಆರು ತಿಂಗಳದಾಗ ಜಾಗಾ ಬಿಡ್ರಿ ಅಂತ ಹೇಳಿದ್ರು. ಬಿಟ್ರೇನು? ಐದು ವರ್ಷ ಕುಂತ್ರು. ಇದ ತೀರ್ಪು ಬ್ಯಾರೆ ಸಣ್ಣ ದೇಶದ ಮ್ಯಾಲ ಬಂದಿದ್ರ ನಿರ್ಬಂಧ, ದಿಗ್ಬಂಧನ ಎಲ್ಲಾ ಹಾಕಿ ಮೂಲಿಗೆ ಕೂಡಸ್ತಿದ್ರು.

ಮಲೆನಾಡ_ಮಳೆ
ಆ ಆರು ದೇಶ ಯಾವುವು?

ಕಪ್ಪುಕೋಟು
ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ಇಸ್ರೇಲ್, ಹಂಗೇರಿ, ಮಾಲ್ಡೀವ್ಸ್. ಮಾಲ್ಡೀವ್ಸ್‌ಗೆ ಮಾರಿಷಸ್ ಜೊತೆ ಸಮುದ್ರ ಗಡಿಯ ತಕರಾರು ಇತ್ತು. ಭಾರತ ಮಾರಿಷಸ್ ಪರ ವೋಟು ಹಾಕಿತು.

ಇತಿಹಾಸದ_ಹುಚ್ಚು
ಫಾಕ್‌ಲೆಂಡ್ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋಗಬೇಕು. ಎರಡು ಕಡೆಯೂ ಮೂಲನಿವಾಸಿಗಳು ಅಂತ ಯಾರೂ ಇರಲಿಲ್ಲ. ಫಾಕ್‌ಲೆಂಡ್‌ಗೆ ಬ್ರಿಟಿಷರು 1833ರಲ್ಲಿ ಹಿಡಿತ ಸಾಧಿಸಿದ ಮೇಲೆ ಕುರಿ ಸಾಕೋಕೆ ತಮ್ಮಿಷ್ಟದಿಂದ ಬಂದು ನೆಲೆಸಿದರು. ಚಾಗೋಸ್‌ಗೆ ಫ್ರೆಂಚ್ ತೋಟದ ಮಾಲೀಕರು 18ನೇ ಶತಮಾನದ ಕೊನೆಯಲ್ಲಿ ಮೊಜಾಂಬಿಕ್, ಮಡಗಾಸ್ಕರ್ ಕಡೆಯಿಂದ ಗುಲಾಮರನ್ನ ತಂದು ತೆಂಗು ಬೆಳೆಸಿದರು. ಆಮೇಲೆ ಭಾರತದಿಂದಲೂ ಕೂಲಿಗಳು ಹೋದರು. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿ, ತಮ್ಮದೇ ಕ್ರಿಯೋಲ್ ಮಾತಾಡಿ, ಕೊಬ್ಬರಿ ಸುಲಿದು, ಮೀನು ಹಿಡಿದು ಅಲ್ಲೇ ಮಣ್ಣಾದರು.

ತಾವಾಗಿ ಬಂದವರ ಮಕ್ಕಳಿಗೆ ಮಣ್ಣಿನ ಹಕ್ಕು ಇದೆ, ಸರಪಳಿ ಹಾಕಿ ತಂದವರ ಮಕ್ಕಳಿಗೆ ಇಲ್ಲ ಅನ್ನೋದಕ್ಕೆ ಯಾವ ಧರ್ಮ, ಯಾವ ಕಾನೂನು ಒಪ್ಪುತ್ತೆ?

ಖಾಲಿ ಮಾಡಿಸಿದ ರೀತಿ ಕೇಳಿ. ಆಸ್ಪತ್ರೆಗೆ, ನೆಂಟರ ಮನೆಗೆ ಅಂತ ಮಾರಿಷಸ್‌ಗೆ ಹೋದವರಿಗೆ ವಾಪಸ್ ಬರೋಕೆ ಹಡಗಿನಲ್ಲಿ ಜಾಗ ಕೊಡಲಿಲ್ಲ, ನಿಮ್ಮ ದ್ವೀಪ ಮುಚ್ಚಿದೆ ಅಂದರು. ಉಳಿದವರಿಗೆ ಬರ್ತಿದ್ದ ದಿನಸಿ, ಔಷಧಿ ಕಡಿಮೆ ಮಾಡಿದರು. 1971ರಲ್ಲಿ ಡಿಯೇಗೋ ಗಾರ್ಸಿಯಾದ ತೋಟ ಮುಚ್ಚಿ, ಜನ ಸಾಕಿದ ನಾಯಿಗಳನ್ನ ಕೊಬ್ಬರಿ ಒಣಗಿಸೋ ಮನೆಗೆ ತುಂಬಿ ಹೊಗೆ ಹಾಕಿ ಕೊಂದರು. ಕೊನೆಗೆ ನೆಲೆಯಿಂದ ನೂರಾರು ಕಿಲೋಮೀಟರ್ ದೂರ ಇರೋ ಪೆರೋಸ್ ಬಾನ್ಯೋಸ್, ಸಾಲೋಮನ್ ದ್ವೀಪಗಳೂ 1973ಕ್ಕೆ ಖಾಲಿ. ಅಲ್ಲಿ ನೆಲೆಯೂ ಇಲ್ಲ, ಏನೂ ಇಲ್ಲ. ಆದರೂ ಒಬ್ಬರೂ ಇರಕೂಡದು.

ಯಾಕೆ ಗೊತ್ತಾ? ಶಾಶ್ವತ ನಿವಾಸಿಗಳು ಇದ್ದಾರೆ ಅಂತ ಒಪ್ಪಿಕೊಂಡರೆ ವಿಶ್ವಸಂಸ್ಥೆಗೆ ಉತ್ತರ ಕೊಡಬೇಕು. ಅದಕ್ಕೆ ದಾಖಲೆಯಲ್ಲಿ ಎಲ್ಲರನ್ನೂ ಗುತ್ತಿಗೆ ಕೂಲಿಗಳು ಅಂತ ತೋರಿಸಿದರು. ಬ್ರಿಟಿಷ್ ಅಧಿಕಾರಿಗಳ ಆಗಿನ ಟಿಪ್ಪಣಿಗಳೆಲ್ಲ ಆಮೇಲೆ ಕೋರ್ಟಿನಲ್ಲಿ ಹೊರಗೆ ಬಂದಿವೆ.

ಸೀನ_ಚಾಮರಾಜಪೇಟೆ
ನಾಯಿ ವಿಷಯ ಗೊತ್ತಿರಲಿಲ್ಲ. ಓದಿ ಹೊಟ್ಟೆ ತೊಳಸಿದ ಹಾಗಾಯ್ತು.

ಕ್ರಾಲಿ_ಕನ್ನಡಿಗ
ನಾನು ಇಂಗ್ಲೆಂಡಿನ ಕ್ರಾಲಿಯಲ್ಲಿ ಇರೋದು. ಗ್ಯಾಟ್ವಿಕ್ ವಿಮಾನ ನಿಲ್ದಾಣದ ಪಕ್ಕದ ಊರು. ಬ್ರಿಟನ್ನಿನಲ್ಲಿ ಚಾಗೋಸಿನವರು ಅತಿ ಹೆಚ್ಚು ಇರೋದು ಇಲ್ಲೇ. ನನ್ನ ಶಿಫ್ಟಿನಲ್ಲಿ ಅವರ ಪೈಕಿ ಒಬ್ಬರು ಅಕ್ಕ ಇದ್ದಾರೆ, ವಯಸ್ಸು ಐವತ್ತರ ಮೇಲೆ. ಅವರ ತಾಯಿಯ ಜನನ ಪತ್ರವನ್ನ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಹುಟ್ಟಿದ ಸ್ಥಳ ಪೆರೋಸ್ ಬಾನ್ಯೋಸ್. ಮಡಿಕೆಯ ಜಾಗದಲ್ಲಿ ಶಾಯಿ ಪೂರಾ ಹೋಗಿದೆ, ಆ ಹೆಸರು ಮಾತ್ರ ಚೆನ್ನಾಗಿ ಓದೋಕೆ ಬರುತ್ತೆ. ಅವರ ಅಣ್ಣನ ಮಗನ ಪೌರತ್ವದ ಅರ್ಜಿಗೆ ಅದರ ನಕಲು ಬೇಕಾಗಿತ್ತು, ನಾನೇ ಸ್ಕ್ಯಾನ್ ಮಾಡಿಕೊಟ್ಟೆ.

ನಾವು ಭಾರತದವರೆಲ್ಲ ಮಾರಿಷಸ್ ಪರ ಅಂತ ನಾನು ಖುಷಿಯಿಂದ ಹೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಮಾರಿಷಸ್‌ನಲ್ಲಿ ಬಂದರಿನ ಪಕ್ಕದ ಕೊಳೆಗೇರಿಯಲ್ಲಿ ನಮ್ಮಮ್ಮ ಹೇಗೆ ಬದುಕಿದಳು ಅಂತ ನಿನಗೇನು ಗೊತ್ತು, ನಮ್ಮನ್ನ ಅಲ್ಲೂ ಕೀಳಾಗೇ ನೋಡಿದರು, ಈಗ ನಮ್ಮ ಹೆಸರಲ್ಲಿ ಬಾಡಿಗೆ ಯಾರಿಗೆ ಹೋಗುತ್ತೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಪ್ಪಂದಕ್ಕೆ ಸಹಿ ಬೀಳೋ ದಿನ ಬೆಳಗಿನ ಜಾವ ಇಬ್ಬರು ಚಾಗೋಸ್ ಹೆಂಗಸರು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು, ನೆನಪಿರಬಹುದು. ಕೆಲವೇ ತಾಸಿನಲ್ಲಿ ಅದು ತೆರವಾಯ್ತು.

ಮೋಕಾ_ಮೈಸೂರಿಗ
ಕ್ರಾಲಿಯವರ ಮಾತಿಗೆ ಇನ್ನೊಂದು ಮುಖ ಸೇರಿಸ್ತೀನಿ. ನಾನು ಕೆಲಸದ ಮೇಲೆ ಮಾರಿಷಸ್‌ನಲ್ಲಿ ಇದ್ದೀನಿ. ಚಾಗೋಸಿನವರೆಲ್ಲ ಮಾರಿಷಸ್ ವಿರೋಧಿಗಳು ಅಂತ ತಿಳಿಯೋದು ತಪ್ಪು. ಚಾಗೋಸಿನವರ ನಾಯಕ ಒಲಿವಿಯೆ ಬಾಂಕೂಲ್ ಪೆರೋಸ್ ಬಾನ್ಯೋಸ್‌ನಲ್ಲಿ ಹುಟ್ಟಿದವರು. ಜನರನ್ನ ಹೊರಗೆ ಹಾಕಿದ್ದರ ವಿರುದ್ಧ 2000ನೇ ಇಸವಿಯಲ್ಲಿ ಲಂಡನ್ ಹೈಕೋರ್ಟಿನಲ್ಲಿ ಗೆದ್ದವರೂ ಅವರೇ. ಅವರು ಮಾರಿಷಸ್ ಜೊತೆಗೇ ನಿಂತಿದ್ದಾರೆ. 2022ರ ಫೆಬ್ರವರಿಯಲ್ಲಿ ಮಾರಿಷಸ್ ಸರ್ಕಾರ ಬಾಡಿಗೆಗೆ ಹಿಡಿದ ಹಡಗಿನಲ್ಲಿ ಹೋಗಿ ಅಲ್ಲಿ ಬಾವುಟ ಹಾರಿಸಿದಾಗ ಅವರೂ ಇದ್ದರು.

ಆದರೆ ಇಲ್ಲಿನ ಸರ್ಕಾರ 2021ರಲ್ಲಿ ದಂಡಸಂಹಿತೆಗೆ ತಿದ್ದುಪಡಿ ತಂದು, ದೇಶದ ಸಾರ್ವಭೌಮತ್ವವನ್ನ ತಪ್ಪಾಗಿ ಬಿಂಬಿಸೋದನ್ನೇ ಅಪರಾಧ ಮಾಡಿತು. ಅಂದರೆ ಚಾಗೋಸ್ ಮಾರಿಷಸ್‌ನದಲ್ಲ ಅಂತ ಒಬ್ಬ ಚಾಗೋಸಿನವನು ಇಲ್ಲಿ ನಿಂತು ಹೇಳಬೇಕಾದರೆ ಯೋಚನೆ ಮಾಡಬೇಕು. ನ್ಯಾಯಾಲಯದಲ್ಲಿ ಸ್ವಯಂನಿರ್ಣಯದ ಹೆಸರಲ್ಲಿ ಗೆದ್ದ ದೇಶ ಹೀಗೆ ಮಾಡಬಾರದಿತ್ತು.

ಕರಾವಳಿಗ
ಇದೇ ನಾನು ಹೇಳ್ತಿರೋದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಬ್ರಿಟನ್ ಹೆಸರಲ್ಲಿ ಒಂದು ಅನ್ಯಾಯ, ಮಾರಿಷಸ್ ಹೆಸರಲ್ಲಿ ಇನ್ನೊಂದು.

ಕಪ್ಪುಕೋಟು
ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಕರಾವಳಿಗರೇ. ಒಬ್ಬ ಮನೆಯಿಂದ ಹೊರಗೆ ಹಾಕಿದವನು, ಇನ್ನೊಬ್ಬ ಹಾಕಿಸಿಕೊಂಡು ಬಂದವರನ್ನ ಸರಿಯಾಗಿ ನೋಡಿಕೊಳ್ಳದವನು. ಎರಡೂ ತಪ್ಪೇ, ಆದರೆ ತೂಕ ಬೇರೆ.

ಪ್ರಶ್ನೆಪತ್ರಿಕೆ
ಎಲ್ಲರೂ ಬ್ರಿಟನ್ನಿಗೆ ಬೈದು ಮುಗಿಸಿದ್ದೀರಿ. 1961ರಲ್ಲಿ ಗೋವಾ ಜನರನ್ನ ನಾವು ಕೇಳಿದ್ವಾ? ಸೈನ್ಯ ಕಳಿಸಿದ್ವಿ. ಭದ್ರತಾ ಮಂಡಳಿಯಲ್ಲಿ ಸೋವಿಯತ್ ವೀಟೋ ಇಲ್ಲದಿದ್ದರೆ ನಮಗೂ ಕಷ್ಟ ಇತ್ತು. ನಾವು ಮಾಡಿದರೆ ವಿಮೋಚನೆ, ಬೇರೆಯವರು ಮಾಡಿದರೆ ಆಕ್ರಮಣ?

ಬಿಣಗಾ_ಹುಡುಗ
ಗೋವಾ ಅಂದ್ರೆ ನಮ್ಮ ಅಂಜುದೀವನ್ನೂ ಹೇಳಬೇಕು! ಕಾರವಾರದ ಎದುರಿಗೇ ಇರೋ ದ್ವೀಪ, ಆಗ ಪೋರ್ಚುಗೀಸರದ್ದು. 1961ರ ಡಿಸೆಂಬರಲ್ಲಿ ತ್ರಿಶೂಲ್ ಮತ್ತೆ ಮೈಸೂರು ಹಡಗುಗಳು ಬಂದು ಹಿಡಿದಿದ್ದು, ನಮ್ಮ ನೌಕಾಪಡೆಯ 7 ಜನ ಅಲ್ಲಿ ಸತ್ತರು. ಈಗಲೂ ಲೆಕ್ಕದಲ್ಲಿ ಅದು ಗೋವಾಕ್ಕೇ ಸೇರಿದ್ದು, ಕರ್ನಾಟಕಕ್ಕಲ್ಲ. ಈಗ ನೌಕಾನೆಲೆಯ ಅಲೆತಡೆ ಗೋಡೆ ಕಟ್ಟಿ ದಡಕ್ಕೆ ಸೇರಿಸಿದ್ದಾರೆ. ಮೊದಲು ಅಲ್ಲಿನ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಜನ ಹೋಗ್ತಿದ್ದರು, ಈಗ ಬಿಡೋದಿಲ್ಲ.

ಅಂಕೋಲೆ_ಆಯಿ
ಹೌದಾ ತಮ್ಮಾ. ಅದೇ ಸೀಬರ್ಡ್ ನೆಲೆಗೆ ಕಾರವಾರ, ಅಂಕೋಲೆ ಕಡೆಯ ಸಾವಿರಾರು ಮನೆಯವರು ಜಾಗ ಬಿಟ್ಟರು. ಮೀನುಗಾರರು, ಹಾಲಕ್ಕಿಗಳು. ಪರಿಹಾರದ ಕೇಸು ವರ್ಷಗಟ್ಟಲೆ ನಡೀತು. ದೇಶಕ್ಕೆ ನೆಲೆ ಬೇಕು, ಅದನ್ನ ಅಲ್ಲ ಅನ್ನಲಿಕ್ಕಿಲ್ಲ. ಆದರೆ ನೆಲೆ ಅಂದ ಕೂಡಲೇ ಎದ್ದು ಹೋಗಬೇಕಾದವರು ಎಲ್ಲಾ ಕಡೆಯೂ ದೋಣಿ, ತೆಂಗಿನಮರ ಬಿಟ್ಟರೆ ಬೇರೇನೂ ಇಲ್ಲದವರೇ ಆಗಿರ್ತಾರೆ.

ಇತಿಹಾಸದ_ಹುಚ್ಚು
ಆಯಿ, ನಿಮ್ಮ ಮಾತು ನೂರಕ್ಕೆ ನೂರು ಒಪ್ಪಿದೆ. ಒಂದೇ ವ್ಯತ್ಯಾಸ: ನಮ್ಮವರಿಗೆ ಕೋರ್ಟು ಇತ್ತು, ವೋಟು ಇತ್ತು, ಊರಿನ ಹತ್ತಿರವೇ ಇನ್ನೊಂದು ಊರಿತ್ತು. ಚಾಗೋಸಿನವರಿಗೆ ನೀವು ಅಲ್ಲಿ ಇರಲೇ ಇಲ್ಲ ಅಂದರು.

ಕಪ್ಪುಕೋಟು
ಗೋವಾ ಪ್ರಶ್ನೆಗೆ ಬರ್ತೀನಿ, ಕೇಳಬೇಕಾದ ಪ್ರಶ್ನೆಯೇ ಅದು. ಪೋರ್ಚುಗಲ್ ಗೋವಾವನ್ನ ತನ್ನ ಸಾಗರದಾಚೆಯ ಪ್ರಾಂತ್ಯ ಅಂತ ಕರೀತಿತ್ತು. 1960ರ ಡಿಸೆಂಬರಲ್ಲೇ ಸಾಮಾನ್ಯ ಸಭೆ ಅದನ್ನ ತಳ್ಳಿಹಾಕಿ, ಗೋವಾ ಸ್ವಾಡಳಿತ ಇಲ್ಲದ ವಸಾಹತು ಅಂತ ಪಟ್ಟಿ ಮಾಡಿತ್ತು. ಆಮೇಲೆ ನಾವು ಗೋವಾದವರನ್ನ ಹಡಗಿಗೆ ಹತ್ತಿಸಲಿಲ್ಲ. ಪೌರತ್ವ ಕೊಟ್ವಿ, ವಿಧಾನಸಭೆ ಬಂತು, 1967ರ ಜನವರಿ 16ಕ್ಕೆ ಮಹಾರಾಷ್ಟ್ರಕ್ಕೆ ಸೇರೋದಾ ಬೇಡವಾ ಅಂತ ಮತ ಕೇಳಿದ್ವಿ, ಜನ ಬೇಡ ಅಂದರು, ಹಾಗೇ ಉಳೀತು.

ಹಾಗಂತ ನಮ್ಮ ಕೈ ಪೂರಾ ಶುದ್ಧ ಅಂತ ನಾನು ಹೇಳೋದಿಲ್ಲ. 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ ಭಾರತ ಒಂದು ಘೋಷಣೆ ಮಾಡಿತು: ಸ್ವಯಂನಿರ್ಣಯ ಪರಕೀಯ ಆಳ್ವಿಕೆಯ ಕೆಳಗಿನ ಜನರಿಗೆ ಮಾತ್ರ, ಸ್ವತಂತ್ರ ದೇಶದ ಒಳಗಿನ ಒಂದು ಭಾಗದ ಜನರಿಗೆ ಅಲ್ಲ. ಕೆಲವು ಯುರೋಪಿಯನ್ ದೇಶಗಳು ಇದಕ್ಕೆ ಆಕ್ಷೇಪಣೆ ಸಲ್ಲಿಸಿದವು. ನಮ್ಮ ನಿಲುವಿಗೆ ಕಾರಣ ಎಲ್ಲರಿಗೂ ಗೊತ್ತು. ಒಪ್ಪಿ ಬಿಡಿ, ಆದರೆ ನಾವೂ ಒಂದು ಗೆರೆ ಹಾಕಿಕೊಂಡಿದ್ದೀವಿ ಅನ್ನೋದು ನೆನಪಿರಲಿ.

ಪ್ರಶ್ನೆಪತ್ರಿಕೆ
ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್. ಆದರೆ ಸಿಕ್ಕಿಂ, ಜುನಾಗಡದಲ್ಲಿ ಜನಮತ ಕೇಳಿದ್ವಿ, ಗೋವಾದಲ್ಲಿ ಭಾರತಕ್ಕೆ ಸೇರೋ ಬಗ್ಗೆ ಕೇಳಲಿಲ್ಲ. ಈ ಕೊಂಕು ಉಳಿದೇ ಉಳಿಯುತ್ತೆ.

ಗಡಿನಾಡು_99
ಅವರಿವರ ದ್ವೀಪ ಬಿಡಿ, ಕಾಸರಗೋಡಿನ ಕನ್ನಡಿಗರನ್ನ 1956ರಲ್ಲಿ ಯಾರು ಕೇಳಿದರು? ಚಂದ್ರಗಿರಿಯ ಉತ್ತರಕ್ಕಿರೋದು ಕರ್ನಾಟಕಕ್ಕೆ ಬರಬೇಕು ಅಂತ ಮಹಾಜನ ವರದಿಯೇ ಹೇಳಿದೆ.

ಧಾರವಾಡದ_ದನಿ
ಅದ ಮಹಾಜನ ವರದಿ ಬೆಳಗಾವಿ ಕರ್ನಾಟಕದಾಗ ಇರಬೇಕು ಅಂದದ, ಹಳ್ಳಿಗೋಳನ್ನ ಎರಡೂ ಕಡೆ ಅದಲು ಬದಲು ಮಾಡ್ರಿ ಅಂತನೂ ಅಂದದ. ಒಪ್ಪಿದ್ರ ಪೂರಾ ಒಪ್ಪಬೇಕು.

ನಿರ್ವಾಹಕ
ಬೆಳಗಾವಿ, ಕಾಸರಗೋಡಿಗೆ ಬೇರೆ ಎಳೆ ಇದೆ. ಇಲ್ಲಿ ಅಂತರರಾಷ್ಟ್ರೀಯ ವಿಷಯ ಮುಂದುವರೀಲಿ.

ದಾವಣಗೆರೆ_ಬೆಣ್ಣೆ
ಇಬ್ಬಗೆ ನೀತಿ ಬಗ್ಗೆ ಮಾತಾಡೋರು ಕೊಸೊವೊ, ಕ್ರಿಮಿಯಾ ಬಿಟ್ಟರೆ ಹೇಗೆ? 2008ರಲ್ಲಿ ಕೊಸೊವೊ ಸರ್ಬಿಯಾದಿಂದ ಬೇರೆ ಆದಾಗ ಅಮೆರಿಕ, ಬ್ರಿಟನ್ ಜನರ ಇಚ್ಛೆ ಅಂದರು, ರಷ್ಯಾ ಪ್ರಾದೇಶಿಕ ಅಖಂಡತೆ ಅಂತು. 2014ರಲ್ಲಿ ಉಕ್ರೇನಿನ ಕ್ರಿಮಿಯಾವನ್ನ ರಷ್ಯಾ ಸೇರಿಸಿಕೊಂಡಾಗ ಇಬ್ಬರೂ ಭಾಷಣದ ಹಾಳೆ ಬದಲಾಯಿಸಿಕೊಂಡರು. ರಷ್ಯಾ ಕೊಸೊವೊವನ್ನ ಈಗಲೂ ಒಪ್ಪಲ್ಲ, ಆದರೆ ಕ್ರಿಮಿಯಾಕ್ಕೆ ಅದನ್ನೇ ಉದಾಹರಣೆ ಕೊಡುತ್ತೆ.

ಸ್ಪೇನ್ ತಗೊಳ್ಳಿ. ಬ್ರಿಟನ್ ಕೈಲಿರೋ ಜಿಬ್ರಾಲ್ಟರ್ ನಮ್ಮದು, ಅಲ್ಲಿನ ಜನರ ವೋಟಿಗೆ ಬೆಲೆ ಇಲ್ಲ ಅನ್ನುತ್ತೆ. 2002ರಲ್ಲಿ ಅಲ್ಲಿ 98 ಪರ್ಸೆಂಟ್‌ಗಿಂತ ಹೆಚ್ಚು ಜನ ಸ್ಪೇನ್ ಜೊತೆ ಅಧಿಕಾರ ಹಂಚಿಕೆಯೇ ಬೇಡ ಅಂದಿದ್ದರು. ಜಲಸಂಧಿ ದಾಟಿದರೆ ಮೊರಾಕೊ ಪಕ್ಕದಲ್ಲೇ ಸೆಯುಟಾ, ಮೆಲಿಯಾ ಸ್ಪೇನಿನ ಕೈಲಿವೆ, ಅದು ಮಾತ್ರ ಬಿಡಲ್ಲ. ಆ ಮೊರಾಕೊ ಪಶ್ಚಿಮ ಸಹಾರಾವನ್ನ ಇಟ್ಟುಕೊಂಡು ಕೂತಿದೆ. ಅಂತರರಾಷ್ಟ್ರೀಯ ನ್ಯಾಯಾಲಯ 1975ರಲ್ಲೇ ಅಲ್ಲಿನ ಜನರನ್ನ ಕೇಳಬೇಕು ಅಂದಿತ್ತು. 1991ರಿಂದ ಜನಮತಗಣನೆ ಮಾಡಿಸೋಕೆ ಅಂತ ವಿಶ್ವಸಂಸ್ಥೆಯ ತಂಡ ಅಲ್ಲಿದೆ, ಜನಮತಗಣನೆ ಮಾತ್ರ ಆಗಿಲ್ಲ.

ಕಪ್ಪುಕೋಟು
ಕೊಸೊವೊ ಮತ್ತು ಕ್ರಿಮಿಯಾ ಒಂದೇ ಅಲ್ಲ. ಕ್ರಿಮಿಯಾದಲ್ಲಿ ಮತ ಹಾಕುವಾಗ ಪಕ್ಕದ ದೇಶದ ಸೈನಿಕರು ಬೀದಿಯಲ್ಲಿದ್ದರು, ಆಮೇಲೆ ಆ ದೇಶವೇ ಸೇರಿಸಿಕೊಂಡಿತು. ಅಂತರರಾಷ್ಟ್ರೀಯ ನ್ಯಾಯಾಲಯದ 2010ರ ಕೊಸೊವೊ ಅಭಿಪ್ರಾಯ ಕೂಡ ಸ್ವಾತಂತ್ರ್ಯ ಘೋಷಣೆ ಅಂತರರಾಷ್ಟ್ರೀಯ ಕಾನೂನನ್ನ ಮೀರಿಲ್ಲ ಅಂತ ಮಾತ್ರ ಹೇಳಿದ್ದು, ಬೇರೆಯಾಗೋ ಹಕ್ಕು ಇದೆ ಅಂತ ಹೇಳಲಿಲ್ಲ. ಆದರೆ ದೇಶಗಳ ನಡವಳಿಕೆ ಬಗ್ಗೆ ನೀವು ಹೇಳಿದ್ದು ಸರಿ.

ಮಲೆನಾಡ_ಮಳೆ
ಭಾರತ ಏನು ಮಾಡ್ತು?

ದಾವಣಗೆರೆ_ಬೆಣ್ಣೆ
ಕೊಸೊವೊವನ್ನ ಒಪ್ಪಿಲ್ಲ. ಕ್ರಿಮಿಯಾ ಬಗ್ಗೆ ವಿಶ್ವಸಂಸ್ಥೆಯ ನಿರ್ಣಯಕ್ಕೆ ಮತ ಹಾಕದೆ ತಟಸ್ಥವಾಗಿತ್ತು.

ಉಡುಪಿ_ರಾಯರು
ಅಗಲೇಗ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಮಾರಿಷಸ್‌ನದೇ ಇನ್ನೊಂದು ದೂರದ ದ್ವೀಪ, ಮುನ್ನೂರು ಚಿಲ್ಲರೆ ಜನ. ಅಲ್ಲಿ ಭಾರತ ಮೂರು ಕಿಲೋಮೀಟರ್ ಉದ್ದದ ರನ್‌ವೇ, ಜೆಟ್ಟಿ ಕಟ್ಟಿ ಕೊಟ್ಟಿದೆ, 2024ರ ಫೆಬ್ರವರಿ 29ಕ್ಕೆ ಉದ್ಘಾಟನೆ ಆಯ್ತು. ನಮ್ಮದೂ ಚಾಗೋಸ್ ಕತೆ ಆಗುತ್ತದಾ ಅಂತ ಅಲ್ಲಿನವರಿಗೆ ಹೆದರಿಕೆ ಉಂಟು. ನಾಳೆ ಹಾಗೆ ಆದರೆ ನಾವು ಎಲ್ಲರೂ ಇದೇ ಗಂಟಲಲ್ಲಿ ಕೇಳ್ತೇವಾ?

ಮೋಕಾ_ಮೈಸೂರಿಗ
ರಾಯರೇ, ಜನರನ್ನ ಎಬ್ಬಿಸೋದಿಲ್ಲ ಅಂತ ಎರಡೂ ಸರ್ಕಾರ ಹೇಳಿವೆ, ಸೇನಾ ನೆಲೆ ಅಲ್ಲ ಅಂತಲೂ ಹೇಳಿವೆ. ವಿಮಾನ ಇಳಿಯೋದರಿಂದ ರೋಗಿಗಳಿಗೆ ಅನುಕೂಲ ಆಗುತ್ತೆ. ಆದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆ ಮುನ್ನೂರು ಜನಕ್ಕೆ ಏನಾದರೂ ಆದರೆ ಮೊದಲು ದನಿ ಎತ್ತಬೇಕಾದವರು ನಾವೇ.

ತಮಿಳುಗಡಿ
2021ರಲ್ಲಿ ಶ್ರೀಲಂಕಾದ ತಮಿಳರ ದೋಣಿ ಕೆಟ್ಟು ಡಿಯೇಗೋ ಗಾರ್ಸಿಯಾಕ್ಕೆ ಬಂತು. ಅವರನ್ನ ಮೂರು ವರ್ಷ ಬೇಲಿಯೊಳಗೆ ಡೇರೆಗಳಲ್ಲಿ ಇಟ್ಟಿದ್ದರು. ಅಲ್ಲೇ ಹುಟ್ಟಿದವರು ವಾಪಸ್ ಬರೋಹಾಗಿಲ್ಲ, ಬಂದು ಬಿದ್ದವರು ಹೊರಗೆ ಹೋಗೋಹಾಗಿಲ್ಲ. 2024ರ ಕೊನೆಗೆ ಹೆಚ್ಚಿನವರನ್ನ ಬ್ರಿಟನ್ನಿಗೆ ಕರ್ಕೊಂಡು ಹೋದರು, ಬಂಧನ ಕಾನೂನುಬಾಹಿರ ಅಂತ ತೀರ್ಪೂ ಬಂತು.

ಕರಾವಳಿಗ
ಈಗ ನನ್ನ ಮೂಲ ಪ್ರಶ್ನೆಗೆ. ಹೊಸ ಒಪ್ಪಂದದಲ್ಲಿ ಡಿಯೇಗೋ ಗಾರ್ಸಿಯಾ ಬಿಟ್ಟು ಉಳಿದ ದ್ವೀಪಗಳಲ್ಲಿ ಜನರನ್ನ ಮತ್ತೆ ನೆಲೆಗೊಳಿಸೋಕೆ ಮಾರಿಷಸ್‌ಗೆ ಅವಕಾಶ ಇದೆ, 40 ಮಿಲಿಯನ್ ಪೌಂಡ್ ನಿಧಿಯೂ ಇದೆ. ಅವಕಾಶ ಇದೆ, ಮಾಡಲೇಬೇಕು ಅಂತ ಇಲ್ಲ. ಫಾಕ್‌ಲೆಂಡಿನಲ್ಲಿ ಮಾಡಿದ ಹಾಗೆ ಚಾಗೋಸಿನವರಿಗೂ ಒಂದು ಮತಗಣನೆ ಮಾಡಿ: ಮಾರಿಷಸ್, ಬ್ರಿಟನ್, ಇಲ್ಲಾ ಬೇರೇನಾದರೂ. ಏನು ತೊಂದರೆ?

ದಾವಣಗೆರೆ_ಬೆಣ್ಣೆ
ಯಾರು ವೋಟು ಹಾಕೋದು ಅನ್ನೋದೇ ತೊಂದರೆ. ಅಲ್ಲಿ ಹುಟ್ಟಿದವರಾ, ಮಕ್ಕಳು ಮೊಮ್ಮಕ್ಕಳಾ? ಮಾರಿಷಸ್, ಸೇಶೆಲ್ಸ್, ಬ್ರಿಟನ್ ಮೂರು ಕಡೆ ಚದುರಿದ್ದಾರೆ. ಪಶ್ಚಿಮ ಸಹಾರಾದಲ್ಲಿ ಎಲ್ಲಾ ಕೆಟ್ಟಿದ್ದು ಇದೇ ಮತದಾರರ ಪಟ್ಟಿಯಲ್ಲಿ.

ಕಪ್ಪುಕೋಟು
ಮಾರಿಷಸ್ ವಾದವನ್ನೂ ಹೇಳಬೇಕು. ಸ್ವಯಂನಿರ್ಣಯ ಇಡೀ ಮಾರಿಷಸ್ ಜನರದ್ದು, ಒಂದು ತುಂಡನ್ನ ಕಿತ್ತುಕೊಂಡು ಆ ತುಂಡಿನವರನ್ನ ಮಾತ್ರ ಕೇಳಿದರೆ 1965ರ ಅನ್ಯಾಯಕ್ಕೇ ಮುದ್ರೆ ಒತ್ತಿದ ಹಾಗೆ ಅಂತ ಅವರು ಹೇಳ್ತಾರೆ. ಕಾನೂನಿನಲ್ಲಿ ಅದಕ್ಕೆ ಬಲ ಇದೆ. ನನ್ನ ಸ್ವಂತ ಅಭಿಪ್ರಾಯ, ಸಾರ್ವಭೌಮತ್ವ ಮಾರಿಷಸ್‌ಗೆ ಹೋದರೂ ವಾಪಸ್ ಹೋಗಿ ಬದುಕೋ ಹಕ್ಕನ್ನ ಚಾಗೋಸಿನವರ ಹೆಸರಲ್ಲೇ ಬರೀಬೇಕಿತ್ತು, ಸರ್ಕಾರದ ಮರ್ಜಿಗೆ ಬಿಡಬಾರದಿತ್ತು.

ಧಾರವಾಡದ_ದನಿ
ಮತದಾರರ ಪಟ್ಟಿ ಕಷ್ಟ ಅಂತ ಹೇಳಬ್ಯಾಡ್ರಿ ಬೆಣ್ಣೆಯವ್ರ. 1982ರಾಗ ಬ್ರಿಟನ್ 40 ಲಕ್ಷ ಪೌಂಡ್ ಕೊಟ್ಟಾಗ ಮಾರಿಷಸ್‌ನಾಗ ಮನಿಮನಿ ಪಟ್ಟಿ ಮಾಡ್ಯಾರ. ಓದಾಕ ಬರಲಾರದ ಮಂದಿ ಕಡೆ ಇಂಗ್ಲಿಷಿನ ಕಾಗದಕ್ಕ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಇನ್ನ ಮರಳಿ ಹೋಗ್ತೀವಿ ಅಂತ ಕೇಳಾಂಗಿಲ್ಲ ಅಂತ ಅದರಾಗ ಬರದಿತ್ತು. ಹಕ್ಕು ಕಸಗೊಳ್ಳುವಾಗ ಒಬ್ಬೊಬ್ಬರ ಹೆಸರು ಸಿಗ್ತದ, ಹಕ್ಕು ಕೊಡುವಾಗ ಮಂದಿ ಯಾರು ಅನ್ನೂದ ಗೊತ್ತಾಗಂಗಿಲ್ಲ ಅಂದ್ರ ಹೆಂಗ್ರಿ?

ಕ್ರಾಲಿ_ಕನ್ನಡಿಗ
ಧಾರವಾಡದವರು ಹೇಳಿದ್ದು ಪಕ್ಕಾ. 2022ರ ಪೌರತ್ವ ಕಾನೂನಿನಲ್ಲಿ ಚಾಗೋಸಿನವರ ವಂಶಸ್ಥರಿಗೆ ಬ್ರಿಟಿಷ್ ಪೌರತ್ವಕ್ಕೆ ದಾರಿ ಮಾಡಿದ್ದಾರೆ. ಯಾರ ಅಜ್ಜಿ ಯಾವ ದ್ವೀಪದಲ್ಲಿ ಹುಟ್ಟಿದರು ಅಂತ ಒಂದೊಂದು ಕಾಗದ ನೋಡಿ ಇಲ್ಲಿನ ಅಧಿಕಾರಿಗಳೇ ಪರಿಶೀಲಿಸ್ತಾರೆ. ನಾನು ಸ್ಕ್ಯಾನ್ ಮಾಡಿಕೊಟ್ಟ ಪತ್ರ ಹೋಗಿದ್ದೂ ಅದಕ್ಕೇ. ಸೇಶೆಲ್ಸ್‌ಗೆ ಹೋದವರಿಗೆ 1982ರ ದುಡ್ಡು ಸಿಗಲಿಲ್ಲ, ಆದರೆ ಈ ಪೌರತ್ವಕ್ಕೆ ಅವರೂ ಅರ್ಜಿ ಹಾಕಬಹುದು. ಹಾಗಾಗಿ ಮೂರು ದೇಶದ ಪಟ್ಟಿಯೂ ತಯಾರಾಗ್ತಾ ಇದೆ. ಮತಪೆಟ್ಟಿಗೆ ಇಡೋ ಮನಸ್ಸು ಇಲ್ಲ, ಅಷ್ಟೇ.